ಪದ್ಮಿನಿಯ ಮುಂಗಾಲು ಬಿಚ್ಚುವ ಮುನ್ನ

ಮುಂಬೈಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದಿಳಿಯಿತು. ಸ್ವಂತ ಪದ್ಮಿನಿ ಉಳಿಸಿಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದನ್ನು ಹೊಸದಾಗಿಸುವಾಗ ಎಲ್ಲರೂ ಮೊದಲು ಕೈಹಾಕುವುದು ಬಣ್ಣಕ್ಕೆ. ಹಾಕಬೇಕಾದದ್ದು ಮುಂದಿನ ಸಸ್ಪೆನ್ಷನ್‌ಗೆ.

ಹಿಂದೆ ಲೀಫ್ ಸ್ಪ್ರಿಂಗ್ ಇರುವ ಈ ಕಾರಿನ ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮ್, ಜತೆಗೆ ಕಾಯಿಲ್ ಸ್ಪ್ರಿಂಗ್. ಚಕ್ರ ಬಿಚ್ಚಿದರೂ ಆ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಕಂಪ್ರೆಸರ್ ಹಾಕಿ ಹಿಡಿದಿಡದೆ ಆರ್ಮ್ ಕಳಚಿದರೆ ಕೈ, ಮುಖ ಎನ್ನದೆ ಚಿಮ್ಮುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗಬೇಡಿ; ಬಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ.

ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಎಡಕ್ಕೊಂದು ಡಬ್ಬಿ, ಬಲಕ್ಕೊಂದು. ಶಿಮ್ ಎಂಬ ತೆಳು ತಗಡು ಸಿಕ್ಕರೆ ಎಲ್ಲಿತ್ತು, ಎಷ್ಟಿತ್ತು ಬರೆದಿಡಿ. ಚಕ್ರದ ಓರೆ ನಿಂತಿರುವುದು ಅದರ ಮೇಲೆ. ಹೊಸ ರಬ್ಬರ್ ಬುಶ್‌ಗಳ ಬೋಲ್ಟನ್ನು ಕಾರು ಚಕ್ರದ ಮೇಲೆ ನಿಂತ ಬಳಿಕವೇ ಪೂರ್ತಿ ಬಿಗಿಮಾಡಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಆರ್ಮ್‌ನಲ್ಲಿ ಬಿರುಕು ಕಂಡರೆ ವೆಲ್ಡಿಂಗ್‌ಗೆ ಒಪ್ಪಬೇಡಿ. ಬೇರೆ ಆರ್ಮ್ ಸಿಗುವವರೆಗೆ ಕಾರು ಸ್ಟ್ಯಾಂಡ್ ಮೇಲೇ ಇರಲಿ.