ಸ್ಟಾರ್ ಹೋದ್ರೆ ಊರಿಗೆ ಏನು ಉಳಿಯುತ್ತೆ? ಲೆಬ್ರಾನ್ ಜೇಮ್ಸ್ ಕರಾರು ಮತ್ತು ಆಕ್ರನ್ ಪೇಟೆಯ ಲೆಕ್ಕ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್ ಅವರ ಈಗಿನ ಕರಾರು 2025–26ರ ಸೀಸನ್‌ಗೆ ಮುಗಿಯುತ್ತೆ. ವಯಸ್ಸು 41. ಇದು ಅವರ 23ನೇ ಸೀಸನ್, ಎನ್‌ಬಿಎ ಲೀಗ್‌ನಲ್ಲಿ ಇಷ್ಟು ಸೀಸನ್ ಆಡಿದವರು ಬೇರೆ ಯಾರೂ ಇಲ್ಲ. ಈ ಒಂದು ವರ್ಷಕ್ಕೆ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಕೊಡುವ ಸಂಬಳ 5.26 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 450 ಕೋಟಿ ರೂಪಾಯಿಗೂ ಮೇಲೆ.

ಮುಂದೇನು? ಲೇಕರ್ಸ್‌ನಲ್ಲೇ ಉಳೀತಾರಾ, ಆಟಕ್ಕೆ ವಿದಾಯ ಹೇಳ್ತಾರಾ, ಇಲ್ಲಾ ಕೊನೆಯದಾಗಿ ಒಮ್ಮೆ ತವರಿನ ತಂಡ ಕ್ಲೀವ್‌ಲ್ಯಾಂಡ್‌ಗೆ ಮರಳ್ತಾರಾ? ಕ್ರೀಡಾ ಪುಟಗಳಲ್ಲಿ ನಡೆಯುತ್ತಿರುವ ಚರ್ಚೆ ಇದು. ಆದರೆ ಅವರ ಹುಟ್ಟೂರು ಆಕ್ರನ್‌ನ ಜನರಿಗೆ, ಅಂಗಡಿಯವರಿಗೆ ಬೇರೆಯೇ ಒಂದು ಪ್ರಶ್ನೆ ಇದೆ. ಅವರು ಬಂದ್ರೆ ನಮಗೆ ಸಿಗೋದೇನು, ಹೋದ್ರೆ ಕಳೆದುಕೊಳ್ಳೋದೇನು?

ಹೆಸರು ಮಾಡಿದ ಒಬ್ಬ ವ್ಯಕ್ತಿಯನ್ನು ನೆಚ್ಚಿಕೊಂಡ ಯಾವ ಊರಾದರೂ ಕೇಳಬೇಕಾದ ಪ್ರಶ್ನೆ ಇದು. ಆಕ್ರನ್‌ಗೆ ಈಗಾಗಲೇ ಮೂರು ಸಲ ಇದರ ಅನುಭವ ಆಗಿದೆ.

ಫ್ರೀ ಏಜೆನ್ಸಿ ಅಂದ್ರೆ ಏನು?

ಐಪಿಎಲ್ ನೋಡುವವರಿಗೆ ಹರಾಜು ಗೊತ್ತು. ಯಾರು ಹೆಚ್ಚು ಕೂಗ್ತಾರೋ ಆಟಗಾರ ಅವರ ಪಾಲು. ಎನ್‌ಬಿಎಯಲ್ಲಿ ಹಾಗಲ್ಲ. ಕರಾರು ಮುಗಿದ ಆಟಗಾರ ಸ್ವತಂತ್ರ. ತಂಡಗಳು ಅವನ ಮನೆ ಬಾಗಿಲಿಗೆ ಬರುತ್ತವೆ, ಆಯ್ಕೆ ಅವನದು. ಒಬ್ಬ ಆಟಗಾರನಿಗೆ ಗರಿಷ್ಠ ಎಷ್ಟು ಕೊಡಬಹುದು ಅನ್ನೋದಕ್ಕೂ ಲೀಗ್ ಮಿತಿ ಹಾಕಿದೆ. ಹಾಗಾಗಿ ದೊಡ್ಡ ಆಟಗಾರರ ವಿಚಾರದಲ್ಲಿ ದುಡ್ಡಿನ ವ್ಯತ್ಯಾಸ ಅಷ್ಟೇನೂ ಇರಲ್ಲ. ತಂಡ ಗೆಲ್ಲುತ್ತಾ, ಜೊತೆಗೆ ಯಾರು ಆಡ್ತಾರೆ, ಸಂಸಾರ ಎಲ್ಲಿರಬೇಕು, ಇಂಥವೇ ತೀರ್ಮಾನ ಮಾಡೋದು. ಹುಟ್ಟೂರಿನ ಆಸೆ ಚಿಗುರೋದೂ ಇಲ್ಲೇ, ಮುರಿಯೋದೂ ಇಲ್ಲೇ.

ಟೈರ್ ಊರಿನ ಹುಡುಗ

ಓಹಾಯೋ ರಾಜ್ಯದ ಆಕ್ರನ್ ಒಂದು ಕಾಲದಲ್ಲಿ ಜಗತ್ತಿನ ರಬ್ಬರ್ ರಾಜಧಾನಿ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಬೆಳೆದದ್ದು ಅಲ್ಲೇ. ನಮ್ಮ ಟೈರ್ ಅಂಗಡಿಗಳ ಬೋರ್ಡಿನಲ್ಲಿ ಕಾಣುವ ಗುಡ್‌ಇಯರ್‌ನ ಮುಖ್ಯ ಕಚೇರಿ ಈಗಲೂ ಆಕ್ರನ್‌ನಲ್ಲೇ ಇದೆ. ಆದರೆ 1970, 80ರ ದಶಕದಲ್ಲಿ ಟೈರ್ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1960ರಲ್ಲಿ ಸುಮಾರು 2.9 ಲಕ್ಷ ಇದ್ದ ಜನಸಂಖ್ಯೆ 2020ರ ಹೊತ್ತಿಗೆ 1.9 ಲಕ್ಷಕ್ಕೆ ಇಳಿದಿತ್ತು. ಮೂರು ಜನರಲ್ಲಿ ಒಬ್ಬರು ಇಲ್ಲವಾದ ಹಾಗೆ. ಅಷ್ಟು ಗಿರಾಕಿ ಕಡಿಮೆಯಾದರೆ ಪೇಟೆಯ ಗತಿ ಏನಾಗುತ್ತೆ ಅನ್ನೋದನ್ನ ಅಂಗಡಿ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಇಳಿಗಾಲದಲ್ಲೇ, 1984ರ ಡಿಸೆಂಬರ್ 30ರಂದು ಲೆಬ್ರಾನ್ ಹುಟ್ಟಿದ್ದು. ತಾಯಿಗೆ ಆಗ 16 ವರ್ಷ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದಾಟ. ನಾಲ್ಕನೇ ತರಗತಿಯಲ್ಲಿ ಹುಡುಗ 80ಕ್ಕೂ ಹೆಚ್ಚು ದಿನ ಶಾಲೆ ತಪ್ಪಿಸಿಕೊಂಡಿದ್ದ. ಅದೇ ಊರಿನ ಹೈಸ್ಕೂಲಿನಿಂದ 2003ರಲ್ಲಿ ಆತ ನೇರ ಎನ್‌ಬಿಎಗೆ ಹೋದ. ಮೊದಲ ಆಯ್ಕೆಯಾಗಿ ಕರೆದುಕೊಂಡದ್ದು ಸುಮಾರು 60 ಕಿ.ಮೀ ದೂರದ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ. ಅದರ ಹಿಂದಿನ ಸೀಸನ್‌ನಲ್ಲಿ ಆ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 17.

2010: ಟಿವಿಯಲ್ಲಿ ಬಿಟ್ಟು ಹೋದ ದಿನ

ಏಳು ವರ್ಷದಲ್ಲಿ ತಂಡ ಲೀಗ್‌ನ ಮೇಲ್ಪಂಕ್ತಿಗೆ ಬಂತು. 2007ರಲ್ಲಿ ಫೈನಲ್ ಆಡಿತು, ಕಪ್ ಮಾತ್ರ ಬರಲಿಲ್ಲ. 2010ರಲ್ಲಿ ಕರಾರು ಮುಗಿಯಿತು. ಜುಲೈ 8ರ ರಾತ್ರಿ ಒಂದು ಟಿವಿ ವಾಹಿನಿಯ ವಿಶೇಷ ಕಾರ್ಯಕ್ರಮದಲ್ಲಿ, ಊರಿನಿಂದ ನೂರಾರು ಕಿಲೋಮೀಟರ್ ದೂರದ ಕನೆಕ್ಟಿಕಟ್‌ನಲ್ಲಿ ಕೂತು ಲೆಬ್ರಾನ್ ಮಯಾಮಿಗೆ ಹೋಗ್ತೀನಿ ಅಂದರು. ಸುಮಾರು ಒಂದು ಕೋಟಿ ಜನ ನೋಡಿದ ಕಾರ್ಯಕ್ರಮ ಅದು.

ಕ್ಲೀವ್‌ಲ್ಯಾಂಡ್‌ನ ಬೀದಿಗಳಲ್ಲಿ ಅವರ ಜರ್ಸಿಗೆ ಬೆಂಕಿ ಬಿತ್ತು. ಪೇಟೆ ನಡುವಿನ ಕಟ್ಟಡದ ಮೇಲಿದ್ದ ಹತ್ತು ಮಹಡಿ ಎತ್ತರದ ಚಿತ್ರ ಕೆಳಗಿಳಿಯಿತು. ತಂಡದ ಮಾಲೀಕ ಡಾನ್ ಗಿಲ್ಬರ್ಟ್ ಸಿಟ್ಟಿನಲ್ಲಿ ಬಹಿರಂಗ ಪತ್ರ ಬರೆದರು. ಆಮೇಲೆ ಲೀಗ್ ಅವರಿಗೆ 1 ಲಕ್ಷ ಡಾಲರ್ ದಂಡ ಹಾಕಿತು. ಅದೇ ತಂಡ ಮುಂದಿನ ಸೀಸನ್‌ನಲ್ಲಿ ಸತತ 26 ಪಂದ್ಯ ಸೋತಿತು. 61 ಗೆಲುವಿನಿಂದ 19ಕ್ಕೆ ಇಳಿಯಿತು. ಫೋರ್ಬ್ಸ್ ಪತ್ರಿಕೆ ಹಾಕಿದ ಲೆಕ್ಕದಲ್ಲಿ ತಂಡದ ಬೆಲೆ 47.6 ಕೋಟಿ ಡಾಲರ್‌ನಿಂದ ಒಂದೇ ವರ್ಷದಲ್ಲಿ 35.5 ಕೋಟಿಗೆ ಬಿತ್ತು.

ಒಬ್ಬ ಮನುಷ್ಯ ಹೋದದ್ದಕ್ಕೆ ಇಷ್ಟು! ಆದರೆ ಇದೆಲ್ಲ ತಂಡದ ನಷ್ಟ. ಪೇಟೆಯ ನಷ್ಟ ಎಷ್ಟು?

ಒಂದು ಮೈಲಿಯ ಲೆಕ್ಕ

ಇದನ್ನೇ ಇಬ್ಬರು ಅರ್ಥಶಾಸ್ತ್ರಜ್ಞರು, ಡೇನಿಯಲ್ ಶೋಗ್ ಮತ್ತು ಸ್ಟಾನ್ ವ್ಯೂಗರ್, ಅಂಕಿ-ಅಂಶ ಹಿಡಿದು ನೋಡಿದರು. ಲೆಬ್ರಾನ್ ಆಡುತ್ತಿದ್ದ ಕಾಲದಲ್ಲಿ ಸ್ಟೇಡಿಯಂನಿಂದ ಒಂದು ಮೈಲಿ, ಅಂದ್ರೆ ಒಂದೂವರೆ ಕಿಲೋಮೀಟರ್ ಸುತ್ತಳತೆಯಲ್ಲಿ ಹೋಟೆಲು, ಬಾರುಗಳ ಸಂಖ್ಯೆ ಸುಮಾರು ಶೇ 13ರಷ್ಟು ಹೆಚ್ಚಿತ್ತು. ಅಲ್ಲಿ ಕೆಲಸ ಮಾಡುವವರ ಸಂಖ್ಯೆ ಸುಮಾರು ಶೇ 23ರಷ್ಟು ಹೆಚ್ಚಿತ್ತು. ಅವರು ಹೋದಾಗ ಇದು ಇಳಿಯಿತು, ಮರಳಿದಾಗ ಏರಿತು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಸ್ಟೇಡಿಯಂನಿಂದ ದೂರ ಹೋದಂತೆ ಈ ಪರಿಣಾಮ ಬೇಗ ಕರಗುತ್ತೆ.

ಜಾತ್ರೆ ಕಂಡವರಿಗೆ ಇದು ಹೊಸತಲ್ಲ. ತೇರುಬೀದಿಯಲ್ಲಿ ಮಂಡಕ್ಕಿ-ಮಿಠಾಯಿ ಅಂಗಡಿಗೆ ಕೈತುಂಬ ವ್ಯಾಪಾರ. ನಾಲ್ಕು ಬೀದಿ ಆಚೆಗಿನ ಹಾರ್ಡ್‌ವೇರ್ ಅಂಗಡಿಗೆ ಅವತ್ತು ಬೋಣಿಗೂ ಕಷ್ಟ. ಸ್ಟೇಡಿಯಂ ವ್ಯಾಪಾರವೂ ಹೀಗೇ. ಸೀಸನ್‌ನಲ್ಲಿ ಒಂದು ತಂಡ ಸ್ವಂತ ಅಂಗಳದಲ್ಲಿ ಆಡೋದು 41 ಪಂದ್ಯ. ಒಂದೊಂದು ರಾತ್ರಿ ಸುಮಾರು 20 ಸಾವಿರ ಜನ. ಅವರು ಊಟ ಮಾಡೋದು, ಬಿಯರ್ ಕುಡಿಯೋದು, ಗಾಡಿ ನಿಲ್ಲಿಸೋದು ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ.

ಇನ್ನೊಂದು ತಕರಾರೂ ಇದೆ. ಮನೆಯವರು ಆಟಕ್ಕೆ ಖರ್ಚು ಮಾಡಿದ ದುಡ್ಡು ಆಕಾಶದಿಂದ ಉದುರಿದ್ದಲ್ಲ. ಪಂದ್ಯ ಇಲ್ಲದಿದ್ದರೆ ಅದನ್ನೇ ಸಿನಿಮಾಕ್ಕೋ ತಮ್ಮ ಬಡಾವಣೆಯ ಹೋಟೆಲಿಗೋ ಕೊಡ್ತಿದ್ದರು. ಕ್ರೀಡೆಯ ಅರ್ಥಶಾಸ್ತ್ರ ಓದಿದವರು ಬಹಳ ಕಾಲದಿಂದ ಹೇಳುತ್ತಿರುವ ಮಾತು ಇದು. ಹೊರಗಿನಿಂದ ಬಂದ ಗಿರಾಕಿ ಎಷ್ಟು, ಪಕ್ಕದ ಬೀದಿಯಿಂದ ಈ ಬೀದಿಗೆ ಸರಿದ ಗಿರಾಕಿ ಎಷ್ಟು ಅಂತ ಬೇರೆ ಮಾಡಿ ನೋಡದೆ ಲಾಭ ಇಷ್ಟು ಅಂತ ಹೇಳೋಕಾಗಲ್ಲ.

ಖರ್ಚಿನ ಕಡೆಯನ್ನೂ ನೋಡಬೇಕು. ಕ್ಲೀವ್‌ಲ್ಯಾಂಡ್‌ನ ಆ ಸ್ಟೇಡಿಯಂ 1994ರಲ್ಲಿ ತೆರೆದದ್ದು. ಅದರ ಹಿಂದೆ ಸಾರ್ವಜನಿಕರ ದುಡ್ಡಿದೆ. ಕ್ಲೀವ್‌ಲ್ಯಾಂಡ್ ಇರುವ ಕಾಯಹೋಗಾ ಕೌಂಟಿಯಲ್ಲಿ ಸಿಗರೇಟು, ಮದ್ಯದ ಮೇಲೆ ವಿಶೇಷ ತೆರಿಗೆ ಹಾಕಿ ಅದನ್ನು ಸ್ಟೇಡಿಯಂಗಳಿಗೆ ಬಳಸಿದರು. 2014ರ ಮೇ ತಿಂಗಳಲ್ಲಿ ಮತದಾರರು ಆ ತೆರಿಗೆಯನ್ನು ಇನ್ನೂ 20 ವರ್ಷ ಮುಂದುವರಿಸಲು ಒಪ್ಪಿದರು. ಅಂದ್ರೆ ಒಂದು ಪಂದ್ಯವನ್ನೂ ನೋಡದ ಬೀಡಾ ಅಂಗಡಿ ಗಿರಾಕಿಯೂ ಸ್ಟೇಡಿಯಂಗೆ ಪಾಲು ಕೊಟ್ಟ ಹಾಗೆ.

ಈ ಲೆಕ್ಕದಲ್ಲಿ ಆಕ್ರನ್ ಎಲ್ಲಿ ಬರುತ್ತೆ? ಎಲ್ಲೂ ಇಲ್ಲ. ಆಕ್ರನ್ ಇರೋದು ಬೇರೆ ಕೌಂಟಿಯಲ್ಲಿ. ಆ ತೆರಿಗೆಯೂ ಅಲ್ಲಿಗಿಲ್ಲ, ಆ ವ್ಯಾಪಾರವೂ ಅಲ್ಲಿಗಿಲ್ಲ. ಒಂದು ಮೈಲಿಗೇ ಕರಗುವ ದುಡ್ಡು 60 ಕಿಲೋಮೀಟರ್ ನಡೆದು ಬರಲ್ಲ. ಹೆಸರು ಆಕ್ರನ್‌ನದು, ಗಲ್ಲಾಪೆಟ್ಟಿಗೆ ಕ್ಲೀವ್‌ಲ್ಯಾಂಡ್‌ನದು.

2014: ವಾಪಸ್ ಬಂದ ಮಗ

ಮಯಾಮಿಯಲ್ಲಿ ಎರಡು ಕಪ್ ಗೆದ್ದ ಮೇಲೆ, 2014ರ ಜುಲೈ 11ರಂದು ಲೆಬ್ರಾನ್ ಊರಿಗೆ ಮರಳುವುದಾಗಿ ಪ್ರಕಟಿಸಿದರು. ಈ ಸಲ ಟಿವಿ ಗದ್ದಲ ಇಲ್ಲ, ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಒಂದು ಲೇಖನ ಅಷ್ಟೇ. ಬೆಳೆಯೋಕೆ ಈ ಸೀಮೆಗಿಂತ ಒಳ್ಳೆ ಜಾಗ ಇಲ್ಲ ಅಂತ ಇಲ್ಲಿನ ಮಕ್ಕಳಿಗೆ ಅನಿಸಬೇಕು, ಓದು ಮುಗಿಸಿ ಊರಿಗೆ ಬಂದು ಅವರಲ್ಲಿ ಕೆಲವರು ಸಂಸಾರ ಹೂಡಬಹುದು, ವ್ಯಾಪಾರ ಶುರು ಮಾಡಬಹುದು ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಜನ ಖಾಲಿಯಾಗುತ್ತಿದ್ದ ಊರಿಗೆ ಕಪ್ಪಿಗಿಂತ ಹೆಚ್ಚು ಹತ್ತಿರದ ಮಾತು.

ಆದರೂ ಕೈ ಹಾಕಿದ ಕರಾರು ಎರಡೇ ವರ್ಷದ್ದು. ಒಂದು ವರ್ಷಕ್ಕೇ ಬಿಡುವ ಅವಕಾಶವೂ ಅದರಲ್ಲಿತ್ತು. ಭಾವನೆ ಊರಿನ ಕಡೆ, ಸಹಿ ವ್ಯವಹಾರದ ಕಡೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಹಿಯನ್ನು ನಂಬಿ ಹತ್ತು ವರ್ಷದ ಬಾಡಿಗೆ ಕರಾರು ಮಾಡಿಕೊಳ್ಳುವ ಹೋಟೆಲಿನವರು ಎರಡು ಸಲ ಯೋಚನೆ ಮಾಡಬೇಕಾಗುತ್ತೆ.

2016ರಲ್ಲಿ ಕಪ್ ಬಂತು. ಫೈನಲ್‌ನಲ್ಲಿ 1–3ರಿಂದ ಹಿಂದಿದ್ದ ತಂಡ ಮೂರು ಪಂದ್ಯ ಸತತ ಗೆದ್ದು ಗೋಲ್ಡನ್ ಸ್ಟೇಟ್ ತಂಡವನ್ನು ಮಣಿಸಿತು. 1964ರ ನಂತರ ಕ್ಲೀವ್‌ಲ್ಯಾಂಡ್‌ನ ದೊಡ್ಡ ಲೀಗ್ ತಂಡವೊಂದಕ್ಕೆ ಸಿಕ್ಕ ಮೊದಲ ಚಾಂಪಿಯನ್ ಪಟ್ಟ, 52 ವರ್ಷದ ಕಾಯುವಿಕೆ. ವಿಜಯ ಮೆರವಣಿಗೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಅಂತ ಅಂದಾಜು. ಅಂಥ ದಿನಕ್ಕೆ ಬೆಲೆ ಕಟ್ಟೋಕಾಗಲ್ಲ, ನಿಜ. ಆದರೆ ಮೆರವಣಿಗೆ ಮುಗಿದ ಮಾರನೇ ದಿನ ಬಾಡಿಗೆ, ಕರೆಂಟ್ ಬಿಲ್ಲು ಹಾಗೇ ಇರುತ್ತವೆ.

2018: ಹೋದ ತಿಂಗಳಲ್ಲೇ ತೆರೆದ ಶಾಲೆ

2018ರ ಜುಲೈ 1ರಂದು ಲೆಬ್ರಾನ್ ಮತ್ತೆ ಹೊರಟರು. ಲೇಕರ್ಸ್ ಜೊತೆ ನಾಲ್ಕು ವರ್ಷಕ್ಕೆ 15.4 ಕೋಟಿ ಡಾಲರ್, ಆಗಿನ ಲೆಕ್ಕದಲ್ಲೇ ಸಾವಿರ ಕೋಟಿ ರೂಪಾಯಿ ದಾಟುವ ಕರಾರು. ಕ್ಲೀವ್‌ಲ್ಯಾಂಡ್ ತಂಡ ಮತ್ತೆ 19 ಗೆಲುವು, 63 ಸೋಲಿಗೆ ಬಂದು ನಿಂತಿತು. 2010ರಲ್ಲಿ ಬಿಟ್ಟು ಹೋದಾಗಲೂ ಇದೇ 19–63. ಆದರೆ ಈ ಸಲ ಜನ 2010ರ ಹಾಗೆ ಕೆರಳಲಿಲ್ಲ. ಅಂದು ಸಿಟ್ಟಿನ ಪತ್ರ ಬರೆದಿದ್ದ ಮಾಲೀಕರೇ ಧನ್ಯವಾದ ಹೇಳಿದರು.

ಕಪ್ ಬಂದಿತ್ತು ಅನ್ನೋದು ಒಂದು ಕಾರಣ. ಆಕ್ರನ್ ಮಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಹೋಗ್ತೀನಿ ಅಂದ ಅದೇ ತಿಂಗಳು, ಜುಲೈ 30ರಂದು, ಅವರ ಪ್ರತಿಷ್ಠಾನ ಮತ್ತು ಆಕ್ರನ್‌ನ ಸರ್ಕಾರಿ ಶಾಲಾ ಮಂಡಳಿ ಸೇರಿ ‘ಐ ಪ್ರಾಮಿಸ್’ ಶಾಲೆ ತೆರೆದವು. ಓದಿನಲ್ಲಿ ಹಿಂದೆ ಬಿದ್ದಿದ್ದ ಮೂರನೇ, ನಾಲ್ಕನೇ ತರಗತಿಯ 240 ಮಕ್ಕಳಿಂದ ಶುರು. ಊಟ, ಪ್ರತಿ ಮಗುವಿಗೆ ಸೈಕಲ್ಲು, ಮನೆಗೆ ದಿನಸಿ, ತಂದೆ-ತಾಯಿ ಓದು ಮುಂದುವರಿಸಲು ವ್ಯವಸ್ಥೆ, ಅರ್ಹರಾದವರಿಗೆ ಆಕ್ರನ್ ವಿಶ್ವವಿದ್ಯಾಲಯದ ಶುಲ್ಕ. ನಾಲ್ಕನೇ ತರಗತಿಯಲ್ಲಿ ಶಾಲೆ ತಪ್ಪಿಸಿಕೊಂಡ ಹುಡುಗ ಮೂರು-ನಾಲ್ಕನೇ ತರಗತಿಯಿಂದಲೇ ಶಾಲೆ ಶುರು ಮಾಡಿದ.

ಆಮೇಲೆ ಮನೆಯಿಲ್ಲದ ಕುಟುಂಬಗಳಿಗೆ ತಾತ್ಕಾಲಿಕ ವಸತಿ ಬಂತು. ಊರಿನ ಹಳೆಯ ಹೋಟೆಲ್ ಕಟ್ಟಡವೊಂದರಲ್ಲಿ ‘ಹೌಸ್ ತ್ರೀ ಥರ್ಟಿ’ ಬಂತು. 330 ಅಂದ್ರೆ ಆಕ್ರನ್‌ನ ಎಸ್‌ಟಿಡಿ ಕೋಡ್. ಅಲ್ಲಿ ಊಟದ ಜಾಗ, ಬ್ಯಾಂಕ್ ಶಾಖೆ ಇವೆ, ಸ್ಥಳೀಯರಿಗೆ ಕೆಲಸದ ತರಬೇತಿಯೂ ಇದೆ. ಇದು ಪಂದ್ಯ ಇರುವ 41 ರಾತ್ರಿಯ ವ್ಯಾಪಾರ ಅಲ್ಲ, ವರ್ಷವಿಡೀ ಜನ ಬಂದು ಹೋಗುವ ಜಾಗ.

ಎಲ್ಲವೂ ಚಿನ್ನ ಅಂತಲೂ ಅಲ್ಲ. ಶಾಲೆಯ ದಿನನಿತ್ಯದ ಖರ್ಚಿನ ದೊಡ್ಡ ಪಾಲು ಆಕ್ರನ್‌ನ ತೆರಿಗೆದಾರರದೇ. ಪ್ರತಿಷ್ಠಾನ ಅದರ ಮೇಲೆ ಸೇರಿಸಿ ಕೊಡುತ್ತೆ. 2023ರಲ್ಲಿ ಶಾಲಾ ಮಂಡಳಿಯ ಮುಂದೆ ಕಹಿ ಸಂಗತಿ ಬಂತು. ಎಂಟನೇ ತರಗತಿಗೆ ಹೋಗಲಿದ್ದ ಆ ಬ್ಯಾಚಿನಲ್ಲಿ ಮೂರನೇ ತರಗತಿಯ ನಂತರ ಒಬ್ಬರೂ ರಾಜ್ಯದ ಗಣಿತ ಪರೀಕ್ಷೆ ಪಾಸಾಗಿರಲಿಲ್ಲ. ನಡುವೆ ಕೊರೊನಾ ವರ್ಷಗಳಿದ್ದವು, ಮಕ್ಕಳನ್ನು ಆರಿಸಿದ್ದೇ ಹಿಂದುಳಿದವರ ನಡುವಿನಿಂದ. ಆದರೂ ಪ್ರಶ್ನೆ ಪ್ರಶ್ನೆಯೇ. ಹೆಸರು ದೊಡ್ಡದು ಅಂತ ಲೆಕ್ಕ ಕೇಳದೆ ಬಿಡೋಕಾಗಲ್ಲ, ಆಕ್ರನ್ ಬಿಡಲೂ ಇಲ್ಲ.

ಈಗ ಪಣಕ್ಕಿರೋದು ಏನು?

ಈ ಬಾರಿ ಲೆಬ್ರಾನ್ ಕ್ಲೀವ್‌ಲ್ಯಾಂಡ್‌ಗೆ ಬಂದರೆ ಒಂದು ಸೀಸನ್ ಟಿಕೆಟ್ಟು, ಜರ್ಸಿ ಭರ್ಜರಿ ವ್ಯಾಪಾರ. ಸ್ಟೇಡಿಯಂ ಸುತ್ತಲಿನ ಹೋಟೆಲುಗಳಿಗೆ ಒಳ್ಳೆಯ ವರ್ಷ. ಆದರೆ 2014ರ ಹಾಗೆ ತಂಡ ಅವರನ್ನೇ ನೆಚ್ಚಿಕೊಂಡಿಲ್ಲ. ಅವರಿಲ್ಲದೆಯೇ 2024–25ರಲ್ಲಿ 64 ಪಂದ್ಯ ಗೆದ್ದ ತಂಡ ಅದು. 41 ದಾಟಿದ ಆಟಗಾರ ಎಷ್ಟು ದಿನ ಆಡಬಲ್ಲ ಅನ್ನೋದೂ ಎಲ್ಲರಿಗೂ ಗೊತ್ತು. ಅದನ್ನು ನಂಬಿ ಸಾಲ ಮಾಡಿ ಅಂಗಡಿ ದೊಡ್ಡದು ಮಾಡುವ ಕಾಲ ಇದಲ್ಲ.

ಆಕ್ರನ್‌ಗೆ ಬೇಕಾದ ಉತ್ತರ ಕರಾರಿನ ಕಾಗದದಲ್ಲಿಲ್ಲ. ಆಟ ನಿಂತ ಮೇಲೆ ಪ್ರತಿಷ್ಠಾನಕ್ಕೆ ದೇಣಿಗೆ ಇದೇ ರೀತಿ ಬರುತ್ತಾ? ಶಾಲೆಯ ಫಲಿತಾಂಶ ಸುಧಾರಿಸುತ್ತಾ? ಅಲ್ಲಿ ಓದಿದ ಮಕ್ಕಳು ಡಿಗ್ರಿ ಮುಗಿಸಿ ಅದೇ ಊರಿನಲ್ಲಿ ಕೆಲಸ ಹಿಡೀತಾರಾ, ಅಂಗಡಿ ಇಡ್ತಾರಾ? ಪೇಟೆಯ ಮುಂದಿನ ಇಪ್ಪತ್ತು ವರ್ಷ ನಿಂತಿರೋದು ಇವುಗಳ ಮೇಲೆ.

ಟೈರ್ ಒಂದನ್ನೇ ನೆಚ್ಚಿಕೊಂಡು ಒಮ್ಮೆ ಪೆಟ್ಟು ತಿಂದ ಊರು ಅದು. ಒಂದೇ ಕಂಬದ ಮೇಲೆ ಮನೆ ನಿಲ್ಲಲ್ಲ ಅನ್ನೋದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲೆಬ್ರಾನ್ ಯಾವ ಜರ್ಸಿ ತೊಟ್ಟರೂ ಶಾಲೆಯ ಗಂಟೆ ಬೆಳಗ್ಗೆ ಆಕ್ರನ್‌ನಲ್ಲೇ ಬಾರಿಸುತ್ತೆ. ಊರಿನವರು ಕಣ್ಣಿಡಬೇಕಾದ್ದು ಅದರ ಮೇಲೆ.