ಸಾರಥಿಯೂ ಸಂಜಯನೂ

ಮೋಟಾರು ಕಾರಿನ ಹುಚ್ಚು ನನಗೆ ಹಿಡಿದುದು ಯಾವಾಗ ಎಂದು ಕೇಳಿದರೆ ಹೇಳುವುದು ಕಷ್ಟ. ನಮ್ಮ ತಂದೆಯವರು ತಮ್ಮ ಹಳೆಯ ಫಿಯಟ್ಟಿನ ಬಾನೆಟ್ಟನ್ನು ತೆರೆದು, ಕಾರ್ಬ್ಯುರೇಟರಿನ ಕಸವನ್ನು ಊದುತ್ತ ನಿಲ್ಲುತ್ತಿದ್ದ ಭಾನುವಾರಗಳಲ್ಲಿ ಎಂದೋ ಅದು ನನ್ನೊಳಗೆ ಹೊಕ್ಕಿರಬೇಕು. ಮೂವತ್ತು ವರ್ಷ ಹಳಗನ್ನಡದ ಪಾಠ ಹೇಳಿದ ಮೇಲೂ ಅದು ಬಿಟ್ಟಿಲ್ಲ. "ಪಂಪನನ್ನು ಓದಿಸುವವರಿಗೆ ಈ ಪೆಟ್ರೋಲಿನ ವಾಸನೆ ಏತಕ್ಕೆ ಸ್ವಾಮಿ?" ಎಂದು ಸಹೋದ್ಯೋಗಿಗಳು ನಗುವುದುಂಟು. ಋತುಪರ್ಣನ ಉತ್ತರೀಯ ರಥದಿಂದ ಜಾರಿ ಬಿದ್ದಾಗ, ರಥವನ್ನು ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿತ್ತಲ್ಲವೆ? ನಳನ ಸಾರಥ್ಯವನ್ನು ಮೆಚ್ಚಿದ ದೇಶದಲ್ಲಿ ಹುಟ್ಟಿದವನು ನಾನು ಎಂದು ಉತ್ತರ ಕೊಟ್ಟು ಪಾರಾಗುತ್ತೇನೆ.

ಹಾಸ್ಯ ಇರಲಿ. ಮೋಟಾರು ಲೋಕದ ಟೆಲಿವಿಷನ್ನಿನಲ್ಲಿಯೂ ಪಂದ್ಯಗಳ ವಾರ್ತೆಯಲ್ಲಿಯೂ ಈಚಿನ ವರ್ಷಗಳಲ್ಲಿ ಆಗಿರುವ ಮಾರ್ಪಾಟನ್ನು ಒಬ್ಬ ಅಭಿಮಾನಿಯಾಗಿ ಪರಿಶೀಲಿಸಬೇಕೆಂಬುದು ನನ್ನ ಉದ್ದೇಶ. ಸಾಹಿತ್ಯದ ಪುಟದಲ್ಲಿ ಇದಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ನಡೆದುದನ್ನು ನಡೆದಂತೆ ಹೇಳುವುದಕ್ಕೂ ಸೊಗಸಾಗಿ ಹೇಳುವುದಕ್ಕೂ ಇರುವ ಜಗಳ ಸಾಹಿತ್ಯದಷ್ಟೇ ಹಳೆಯದು. ಆ ಜಗಳವೇ ಇಲ್ಲಿಯೂ ಇದೆ.

ಮೊದಲು ಟಾಪ್ ಗೇರ್ ಎಂಬ ಕಾರ್ಯಕ್ರಮದ ಮಾತು. ಬ್ರಿಟನ್ನಿನ ಬಿ.ಬಿ.ಸಿ. ೧೯೭೭ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಇದನ್ನು ಪ್ರಾರಂಭಿಸಿದಾಗ ಅದು ತೀರ ಸಾಧುವಾದ ವಸ್ತು: ಯಾವ ಕಾರನ್ನು ಕೊಳ್ಳಬಹುದು, ಎಷ್ಟು ಪೆಟ್ರೋಲು ಕುಡಿಯುತ್ತದೆ, ರಸ್ತೆಯ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬ ಗೃಹಸ್ಥರಿಗೆ ಬೇಕಾದ ವಿಚಾರ. ೨೦೦೨ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ನರು ಅದಕ್ಕೆ ಹೊಸ ರೂಪ ಕೊಟ್ಟರು. ರಿಚರ್ಡ್ ಹ್ಯಾಮಂಡ್, ಜೇಮ್ಸ್ ಮೇ ಜೊತೆಗೂಡಿದರು. ಡನ್ಸ್‌ಫೋಲ್ಡಿನ ಹಳೆಯ ವಿಮಾನನೆಲೆ ಅವರ ರಂಗಭೂಮಿಯಾಯಿತು. ಮೂವರು ನಡುವಯಸ್ಸಿನ ಗೆಳೆಯರ ಕುಚೇಷ್ಟೆ, ವಾಗ್ವಾದ, ಪ್ರವಾಸ. ಅದರ ನಡುವೆ ಎಲ್ಲೋ ಒಂದು ಕಾರು. ಲೋಕವೇ ನೋಡಿ ನಕ್ಕಿತು, ನಾನೂ ನಕ್ಕೆ. ಕಾರು ಬರಿಯ ಯಂತ್ರವಲ್ಲ, ಅದಕ್ಕೊಂದು ಸ್ವಭಾವವಿದೆ ಎಂಬುದನ್ನು ಅವರಷ್ಟು ಚೆನ್ನಾಗಿ ಕಾಣಿಸಿದವರು ಇನ್ನೊಬ್ಬರಿಲ್ಲ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳಬೇಕು.

೨೦೦೮ರ ಡಿಸೆಂಬರಿನಲ್ಲಿ ಆ ಕಾರ್ಯಕ್ರಮ ಟೆಸ್ಲಾ ಸಂಸ್ಥೆಯ ವಿದ್ಯುತ್ ಕಾರೊಂದನ್ನು ಪರೀಕ್ಷಿಸಿತು. ಪರೀಕ್ಷಾಪಥದಲ್ಲಿ ಓಡಿಸಿದರೆ ಅದರ ಶಕ್ತಿ ೫೫ ಮೈಲಿಗೆ ಮುಗಿಯುತ್ತದೆ ಎಂದು ಹೇಳಿ, ಕಾರನ್ನು ಜನರು ತಳ್ಳಿಕೊಂಡು ಹೋಗುವ ದೃಶ್ಯವನ್ನು ತೋರಿಸಿತು. ವಾಸ್ತವವಾಗಿ ಆ ಕಾರಿನ ಬ್ಯಾಟರಿ ಅಂದು ಬರಿದಾಗಿರಲಿಲ್ಲ. ಬರಿದಾದರೆ ಏನಾಗುವುದೆಂದು ತೋರಿಸಿದೆವು ಎಂಬುದು ಬಿ.ಬಿ.ಸಿ.ಯ ಸಮಾಧಾನ. ೨೦೧೧ರಲ್ಲಿ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು, ಸೋತಿತು, ೨೦೧೩ರಲ್ಲಿ ಮೇಲ್ಮನವಿಯೂ ಬಿದ್ದಿತು. ನ್ಯಾಯಾಧೀಶರು ಹೇಳಿದುದರ ತಾತ್ಪರ್ಯ ಇಷ್ಟು: ಪರೀಕ್ಷಾಪಥದ ಓಟ ಬೇರೆ, ಸಾರ್ವಜನಿಕ ರಸ್ತೆಯ ಓಟ ಬೇರೆ ಎಂಬುದನ್ನು ವಿವೇಕಿಯಾದ ಯಾವ ಪ್ರೇಕ್ಷಕನಾದರೂ ಬಲ್ಲ. ಈ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ಅದಕ್ಕೆ ನಾನು ಮರಳಿ ಬರುತ್ತೇನೆ.

ಇನ್ನೊಂದು ನಿದರ್ಶನ ನಮ್ಮ ಮನೆಯದೇ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದಿತು. ಲಂಡನ್ನಿನಲ್ಲಿ ಅದಕ್ಕೆ 'ಜಿ-ವಿಜ್' ಎಂಬ ನಾಮಕರಣವಾಯಿತು. ಕ್ಲಾರ್ಕ್‌ಸನ್ನರ ಬಳಗ ಅದನ್ನು ಮನದಣಿಯೆ ಗೇಲಿ ಮಾಡಿತು. ಆಗ ನನಗೆ ಬಹಳ ಕೋಪ ಬಂದಿತ್ತು. ಆದರೆ ೨೦೦೭ರಲ್ಲಿ ಅದೇ ಹೆಸರಿನ ಅವರ ಮಾಸಪತ್ರಿಕೆ ಆ ಕಾರನ್ನು ಘರ್ಷಣೆಯ ಪರೀಕ್ಷೆಗೆ ಒಡ್ಡಿಸಿದಾಗ, ಒಳಗೆ ಕುಳಿತವನ ಗತಿ ಏನಾಗುತ್ತಿತ್ತೆಂಬುದು ಬಯಲಾಯಿತು. ಯುರೋಪಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ಹಗುರವಾದ ನಾಲ್ಕು ಚಕ್ರದ ವಾಹನಗಳ ವರ್ಗಕ್ಕೆ ಸೇರಿದ್ದು. ಆದಕಾರಣ ಕಾರುಗಳಿಗಿರುವ ಘರ್ಷಣೆಯ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. ಗೇಲಿಯಿಂದ ಆಗದ ಉಪಕಾರ ಈ ಪರೀಕ್ಷೆಯಿಂದ ಆಯಿತು. ನಗಿಸುವುದಕ್ಕಾಗಿ ತಳ್ಳಿಸಿದ ಕಾರು ಒಂದು ಕಡೆ, ತಿಳಿಯುವುದಕ್ಕಾಗಿ ಗುದ್ದಿಸಿದ ಕಾರು ಇನ್ನೊಂದು ಕಡೆ: ಎರಡೂ ಒಂದೇ ಹೆಸರಿನಡಿಯಲ್ಲಿ ನಡೆದುವು. ನೋಡುವವನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ.

ನಗೆಗೆ ಬೆಲೆಯನ್ನೂ ಕೊಡಬೇಕಾಯಿತು. ೨೦೦೬ರಲ್ಲಿ ಗಂಟೆಗೆ ೨೮೮ ಮೈಲಿ ವೇಗದಲ್ಲಿ ಜೆಟ್ ಕಾರಿನ ಟಯರು ಸಿಡಿದು ಹ್ಯಾಮಂಡ್ ಸಾವಿನ ಬಾಗಿಲಿಗೆ ಹೋಗಿ ಬಂದರು. ೨೦೧೫ರಲ್ಲಿ ನಿರ್ಮಾಪಕರೊಬ್ಬರ ಮೇಲೆ ಕೈಮಾಡಿದ ಕ್ಲಾರ್ಕ್‌ಸನ್ನರು ಹೊರಬಿದ್ದರು. ಮೂವರೂ ಬೇರೆಡೆ ಆರಂಭಿಸಿದ 'ದಿ ಗ್ರ್ಯಾಂಡ್ ಟೂರ್' ೨೦೨೪ರ ಸೆಪ್ಟೆಂಬರಿನಲ್ಲಿ ಅವರ ಮಟ್ಟಿಗೆ ಮುಗಿಯಿತು. ಟಾಪ್ ಗೇರಿಗೆ ಬಂದ ಹೊಸಬರಲ್ಲಿ ನಮ್ಮ ಕ್ರಿಕೆಟ್ ಪ್ರೇಮಿಗಳು ಬಲ್ಲ ಆಂಡ್ರೂ ಫ್ಲಿಂಟಾಫ್ ಒಬ್ಬರು. ೨೦೨೨ರ ಡಿಸೆಂಬರಿನಲ್ಲಿ ಡನ್ಸ್‌ಫೋಲ್ಡಿನಲ್ಲಿ ಮೂರು ಚಕ್ರದ ಕಾರೊಂದು ಮಗುಚಿ ಅವರ ಮುಖಕ್ಕೆ ಘೋರವಾದ ಪೆಟ್ಟಾಯಿತು. ಮರುವರ್ಷ ನವೆಂಬರಿನಲ್ಲಿ ಬಿ.ಬಿ.ಸಿ. ಆ ಕಾರ್ಯಕ್ರಮಕ್ಕೆ ವಿಶ್ರಾಂತಿ ಘೋಷಿಸಿತು. ಟೆಲಿವಿಷನ್ನಿನ ಹಸಿವಿಗೆ ಮಿತಿಯಿಲ್ಲ, ಅದು ಮತ್ತೆ ಮತ್ತೆ ಹೆಚ್ಚಿನದನ್ನೇ ಕೇಳುತ್ತದೆ ಎಂಬ ಕಹಿಯನ್ನು ಫ್ಲಿಂಟಾಫ್ ೨೦೨೫ರಲ್ಲಿ ತಮ್ಮನ್ನು ಕುರಿತ ಸಾಕ್ಷ್ಯಚಿತ್ರದಲ್ಲಿ ತೋಡಿಕೊಂಡರು.

ಇನ್ನು ಪಂದ್ಯಗಳ ವಿಚಾರ. ಇಲ್ಲಿ ಕ್ಯಾಮರಾದ ಉಪಕಾರವನ್ನು ಮೊದಲು ಹೇಳುವುದು ನ್ಯಾಯ. ೧೯೫೫ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಕಾರೊಂದು ಪ್ರೇಕ್ಷಕರ ನಡುವೆ ಸಿಡಿದು ಎಂಬತ್ತಕ್ಕಿಂತ ಹೆಚ್ಚು ಜನ ಸತ್ತರು. ಪಂದ್ಯ ಮಾತ್ರ ನಿಲ್ಲದೆ ಮುಂದುವರಿಯಿತು. ೧೯೯೪ರ ಮೇ ಒಂದರಂದು ಇಮೋಲಾದಲ್ಲಿ ಅಯರ್ಟನ್ ಸೆನ್ನಾ ಗೋಡೆಗೆ ಬಡಿದುದನ್ನು ಲೋಕವೆಲ್ಲ ಕಣ್ಣಾರೆ ಕಂಡಿತು. ನಮ್ಮ ಬೀದಿಗೆ ಕೇಬಲ್ಲಿನ ತಂತಿ ಆಗ ಹೊಸದಾಗಿ ಬಂದಿತ್ತು. ಗೆಳೆಯನ ಮನೆಯ ನಡುಮನೆಯಲ್ಲಿ ಕುಳಿತು ನೋಡುತ್ತಿದ್ದ ನಾವು ಐದಾರು ಜನ ಆ ಸಂಜೆ ಒಬ್ಬರೊಡನೊಬ್ಬರು ಮಾತನಾಡದೆ ಎದ್ದು ಹೋದೆವು. ಹಿಂದಿನ ದಿನವೇ ರೋಲಾಂಡ್ ರಾಟ್ಸೆನ್‌ಬರ್ಗರ್ ಅಲ್ಲಿ ಸತ್ತಿದ್ದರು. ಅಷ್ಟು ಕಣ್ಣುಗಳು ಕಂಡಿದ್ದರಿಂದಲೇ ಸುಧಾರಣೆಯನ್ನು ಮುಂದೂಡಲು ಸಾಧ್ಯವಾಗಲಿಲ್ಲ. ೨೦೧೮ರಲ್ಲಿ ಚಾಲಕನ ತಲೆಯ ಸುತ್ತ 'ಹೇಲೋ' ಎಂಬ ಲೋಹದ ಕಮಾನು ಬಂದಿತು. ನೋಟ ಕೆಟ್ಟಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ. ೨೦೨೦ರ ನವೆಂಬರಿನಲ್ಲಿ ಬಹರೈನಿನಲ್ಲಿ ರೊಮೇನ್ ಗ್ರೋಜಾನರ ಕಾರು ಎರಡು ತುಂಡಾಗಿ ಬೆಂಕಿಯ ಉಂಡೆಯಾಯಿತು. ಆ ಕಮಾನಿನ ದೆಸೆಯಿಂದ ಅವರು ಉರಿಯೊಳಗಿಂದ ನಡೆದು ಬಂದರು. ಅವರು ಬದುಕಿದ್ದಾರೆಂದು ತಿಳಿಯುವವರೆಗೆ ಪ್ರಸಾರಕರು ಆ ದೃಶ್ಯವನ್ನು ಮರಳಿ ತೋರಿಸಲಿಲ್ಲ. ಇದು ಸಂಯಮ. ತಿಳಿದ ಮೇಲೆ ಮತ್ತೆ ಮತ್ತೆ ತೋರಿಸಿದರು. ಇನ್ನೂ ಪಂದ್ಯಕ್ಕೆ ಮರಳಬೇಕಾಗಿದ್ದ ಚಾಲಕ ಡೇನಿಯಲ್ ರಿಕಾರ್ಡೊ ಇದು ಅಸಹ್ಯವೆಂದು ಅಂದೇ ಆಕ್ಷೇಪಿಸಿದರು. ಒಂದೇ ಸಂಜೆಯಲ್ಲಿ ಕ್ಯಾಮರಾದ ಎರಡು ಗುಣಗಳೂ ಕಂಡುವು.

ಕುರುಕ್ಷೇತ್ರದಲ್ಲಿ ಸಾರಥಿಯೂ ಇದ್ದ, ಸಂಜಯನೂ ಇದ್ದ. ಒಬ್ಬನದು ರಥವನ್ನು ನಡೆಸುವ ಕೆಲಸ; ಇನ್ನೊಬ್ಬನದು ಕಂಡುದನ್ನು ಕುರುಡು ದೊರೆಗೆ ಹೇಳುವ ಕೆಲಸ. ದೊರೆಗೆ ಅಪ್ರಿಯವಾದರೂ ಸಂಜಯ ಸುದ್ದಿಯನ್ನು ಬದಲಿಸಲಿಲ್ಲ. ದೊರೆಗೆ ಬೇಸರವಾದೀತೆಂದು ಯುದ್ಧವನ್ನು ಬೆಳೆಸಲೂ ಇಲ್ಲ. ಇಂದಿನ ಸಂಜಯನಿಗೆ ಈ ಎರಡು ನಿಯಮಗಳೂ ಸಡಿಲವಾಗಿವೆ.

೨೦೦೮ರ ಸಿಂಗಪುರ ಪಂದ್ಯದಲ್ಲಿ ರೆನೋ ತಂಡದ ಕಿರಿಯ ಪಿಕೆ ಬೇಕೆಂದೇ ಗೋಡೆಗೆ ಗುದ್ದಿ ತನ್ನ ಜೊತೆಗಾರ ಅಲೊನ್ಸೊವಿಗೆ ಗೆಲುವು ತಂದುಕೊಟ್ಟರು. ಮರುವರ್ಷ ಸಂಗತಿ ಬಯಲಾದಾಗ ಮೋಟಾರು ಲೋಕ ತಲೆ ತಗ್ಗಿಸಿತು. ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆಗೆ ಬಹಿಷ್ಕಾರವಾಯಿತು; ೨೦೧೦ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅದನ್ನು ರದ್ದುಮಾಡಿತು; ೨೦೨೪ರಲ್ಲಿ ಅವರು ರೆನೋವಿನದೇ ಆದ ಆಲ್ಪೀನ್ ತಂಡಕ್ಕೆ ಸಲಹೆಗಾರರಾಗಿ ಮರಳಿದರು. ೨೦೨೫ರ ಜೂನಿನಲ್ಲಿ ಆಪಲ್ ಸಂಸ್ಥೆಯ 'ಎಫ್ ಒನ್' ಎಂಬ ಚಲನಚಿತ್ರ ತೆರೆಗೆ ಬಂದಿತು. ಅದರ ನಾಯಕ ಬ್ರಾಡ್ ಪಿಟ್ ಬೇಕೆಂದೇ ಢಿಕ್ಕಿ ಹೊಡೆದು ಪಂದ್ಯವನ್ನು ತನ್ನ ತಂಡದ ಕಡೆಗೆ ತಿರುಗಿಸುತ್ತಾನೆ. ಚಿತ್ರಮಂದಿರ ಚಪ್ಪಾಳೆ ತಟ್ಟುತ್ತದೆ. ಹದಿನೇಳು ವರ್ಷಗಳಲ್ಲಿ ಅಪರಾಧವೊಂದು ಜಾಣ್ಮೆಯಾಗಿ ಬಡ್ತಿ ಪಡೆಯಿತು. ಆ ಚಿತ್ರ ತೆಗೆದ ಸಂಸ್ಥೆಯೇ ಅದೇ ವರ್ಷ ಅಕ್ಟೋಬರಿನಲ್ಲಿ, ೨೦೨೬ರಿಂದ ಅಮೆರಿಕದಲ್ಲಿ ನಿಜವಾದ ಪಂದ್ಯಗಳನ್ನು ಪ್ರಸಾರ ಮಾಡುವ ಹಕ್ಕನ್ನೂ ಪಡೆಯಿತು.

೨೦೨೧ರ ಅಬುಧಾಬಿಯ ಕಡೆಯ ಪಂದ್ಯ ಇನ್ನೂ ನೋವಿನ ವಿಷಯ. ಹ್ಯಾಮಿಲ್ಟನ್ ಮುಂದಿದ್ದರು. ೫೩ನೆಯ ಸುತ್ತಿನಲ್ಲಿ ಬೇರೊಂದು ಕಾರು ಗೋಡೆಗೆ ಬಡಿದು, ರಕ್ಷಣಾ ಕಾರಿನ ಹಿಂದೆ ಎಲ್ಲರೂ ಸಾಲಾದರು. ಸುತ್ತು ಹಿಂದಿದ್ದ ಎಂಟು ಕಾರುಗಳಲ್ಲಿ, ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ನಡುವಿದ್ದ ಐದನ್ನು ಮಾತ್ರ ಮುಂದೆ ಬಿಟ್ಟು, ಕಡೆಯ ಒಂದೇ ಸುತ್ತಿಗೆ ಓಟವನ್ನು ತೆರೆದರು. ಹೊಸ ಟಯರಿನ ವರ್ಸ್ಟಾಪನ್ ಗೆದ್ದರು. ೨೦೨೨ರ ಮಾರ್ಚಿನ ವರದಿ ಇದನ್ನು ಸದುದ್ದೇಶದಿಂದಾದ ಮಾನವ ದೋಷ ಎಂದಿತು, ಫಲಿತಾಂಶ ಬದಲಾಗಲಿಲ್ಲ. ಆ ವರ್ಷ ತಂಡದ ಒಡೆಯರು ಪಂದ್ಯಾಧಿಕಾರಿಯೊಡನೆ ರೇಡಿಯೊದಲ್ಲಿ ಜಗಳವಾಡುವುದನ್ನು ಜನರ ರಂಜನೆಗಾಗಿ ಬಿತ್ತರಿಸುತ್ತಿದ್ದರು; ಮರುವರ್ಷ ಆ ನೇರ ಸಂಭಾಷಣೆಯನ್ನೇ ನಿಲ್ಲಿಸಬೇಕಾಯಿತು. ಪಂದ್ಯ ರಕ್ಷಣಾ ಕಾರಿನ ಹಿಂದೆ ಸಪ್ಪೆಯಾಗಿ ಮುಗಿಯಬಾರದೆಂಬ ಆತುರ ಅಧಿಕಾರಿಯ ಮನಸ್ಸಿನಲ್ಲಿ ಎಷ್ಟಿತ್ತೋ ನಾನು ಅಳೆಯಲಾರೆ. ಆದರೆ ಆ ಆತುರ ನಮ್ಮೆಲ್ಲರ ಮನಸ್ಸಿನಲ್ಲಿತ್ತು, ಅದನ್ನು ಅಲ್ಲಗಳೆಯಲಾರೆ.

೨೦೧೯ರಿಂದ ನೆಟ್‌ಫ್ಲಿಕ್ಸಿನಲ್ಲಿ ಬರುತ್ತಿರುವ 'ಡ್ರೈವ್ ಟು ಸರ್ವೈವ್' ಎಂಬ ಮಾಲಿಕೆ ಈ ಕ್ರೀಡೆಗೆ ಹೊಸ ಪ್ರೇಕ್ಷಕರನ್ನು ತಂದಿತು. ನನ್ನ ತರಗತಿಯ ಹೆಣ್ಣುಮಕ್ಕಳು ಟಯರಿನ ತಂತ್ರವನ್ನು ಚರ್ಚಿಸುವುದನ್ನು ಕೇಳಿದಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಇಲ್ಲದ ವೈರಗಳನ್ನು ಅದು ಕಲ್ಪಿಸುತ್ತದೆಂದು ವರ್ಸ್ಟಾಪನ್ ೨೦೨೧ರಲ್ಲಿ ದೂರಿ, ಕೆಲಕಾಲ ಅದರಿಂದ ದೂರವೇ ಉಳಿದರು. ಕಥೆಯ ಬೆಳಕು ಬಿದ್ದ ಕಡೆ ಮಾತ್ರ ಲೋಕವಿದೆಯೆಂದು ನಂಬುವುದು ಇದರ ಇನ್ನೊಂದು ಪರಿಣಾಮ. ಹ್ಯಾಮಿಲ್ಟನ್ನರ ಸಾಕುನಾಯಿಯನ್ನು ಬಲ್ಲ ನನ್ನ ವಿದ್ಯಾರ್ಥಿಗಳಿಗೆ, ೨೦೧೯ರಲ್ಲಿ ಬೈಕಿನ ಬಾಹಾ ಪಂದ್ಯಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದ ಬೆಂಗಳೂರಿನ ಐಶ್ವರ್ಯ ಪಿಸ್ಸೆಯವರ ಹೆಸರು ಗೊತ್ತಿರಲಿಲ್ಲ. ೨೦೨೫ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಫಾರ್ಮುಲಾ ಟೂ ಪಂದ್ಯವೊಂದನ್ನು ಗೆದ್ದ ಕುಶ್ ಮೈನಿಯವರೂ ಬೆಂಗಳೂರಿನವರೆಂದು ಹೇಳಿದಾಗ ಅವರಿಗೆ ಆಶ್ಚರ್ಯ. ಗ್ರೇಟರ್ ನೋಯ್ಡಾದಲ್ಲಿ ೨೦೧೧ರಿಂದ ೨೦೧೩ರವರೆಗೆ ಮೂರೇ ವರ್ಷ ನಮ್ಮ ದೇಶದಲ್ಲಿಯೂ ಈ ಪಂದ್ಯ ನಡೆಯಿತು. ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆಯ ತಗಾದೆ ಅದರ ಬೆನ್ನುಬಿಡಲಿಲ್ಲ. ಅಂದು ಆ ಪ್ರಶ್ನೆ ನನಗೆ ಸರಕಾರದ ಅರಸಿಕತೆಯಾಗಿ ಕಂಡಿತ್ತು. ಇಂದು ಅಷ್ಟು ಸುಲಭವಾಗಿ ನಗಲಾರೆ.

ಏಕೆಂದು ಹೇಳಿ ಮುಗಿಸುತ್ತೇನೆ. ನನ್ನ ತಂಗಿಯ ಮಗ ಚಿಕ್ಕಂದಿನಿಂದ ಭಾನುವಾರದ ಪಂದ್ಯವನ್ನು ನನ್ನ ಪಕ್ಕದಲ್ಲಿಯೇ ಕುಳಿತು ನೋಡಿದವನು. ತಿರುವಿಗೆ ಎಲ್ಲಿ ಬ್ರೇಕು ಹಾಕಬೇಕು, ಒಳ ಅಂಚನ್ನು ಹೇಗೆ ಮುಟ್ಟಬೇಕು ಎಂದು ಅವನಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದವನು ನಾನೇ. ಎರಡು ವರ್ಷಗಳ ಕೆಳಗೆ ಒಂದು ರಾತ್ರಿ, ಊರ ಹೊರಗಿನ ಹೆದ್ದಾರಿಯಲ್ಲಿ, ಗೆಳೆಯನ ಕೈಗೆ ಫೋನು ಕೊಟ್ಟು ವೇಗದ ಮುಳ್ಳನ್ನು ಚಿತ್ರಿಸಹೇಳಿ ಅವನು ಕಾರು ಓಡಿಸಿದ. ತಿರುವಿನಲ್ಲಿ ನಾನು ಕಲಿಸಿದ ಗೆರೆಯನ್ನೇ ಹಿಡಿದ. ಆ ಗೆರೆಯ ಮೇಲೆ, ದೀಪವಿಲ್ಲದ ಕಬ್ಬಿನ ಟ್ರಾಕ್ಟರೊಂದು ನಿಂತಿತ್ತು. ಗೆಳೆಯನ ಒಂದು ಕಣ್ಣು ಹೋಯಿತು. ಇವನು ನಾಲ್ಕು ತಿಂಗಳು ಮಲಗಿದ. ನಾನು ಆಸ್ಪತ್ರೆಗೆ ಹೋದಾಗ, "ಮಾವ, ನಾನು ಗೆರೆ ತಪ್ಪಿರಲಿಲ್ಲ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಪಥ ಬೇರೆ, ರಸ್ತೆ ಬೇರೆ ಎಂಬುದನ್ನು ಎಲ್ಲರೂ ಬಲ್ಲರೆಂದು ಲಂಡನ್ನಿನ ನ್ಯಾಯಾಧೀಶರು ನಂಬಿದ್ದರು. ನಾನೂ ನಂಬಿದ್ದೆ, ಆದುದರಿಂದ ಬಾಯಿಬಿಟ್ಟು ಹೇಳಲಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಸತ್ತರು. ನೂರಕ್ಕೆ ಸುಮಾರು ಎಪ್ಪತ್ತೊಂದು ಸಾವಿಗೆ ಅತಿವೇಗ ಕಾರಣ. ಯಾವ ಕಾರ್ಯಕ್ರಮವನ್ನೂ ನಾನು ದೂರುವುದಿಲ್ಲ. ಅವನ ಮನೆಯ ಸಂಜಯ ನಾನಾಗಿದ್ದೆ. ಸೊಗಸಾದುದನ್ನೆಲ್ಲ ಹೇಳಿ, ಉಳಿದುದನ್ನು ಬಿಟ್ಟೆ.

ಅವನು ಈಗಲೂ ಭಾನುವಾರ ಬರುತ್ತಾನೆ. ಊರುಗೋಲನ್ನು ಬಾಗಿಲ ಮೂಲೆಗೆ ಆನಿಸಿ ಪಕ್ಕದಲ್ಲಿ ಕೂರುತ್ತಾನೆ. ಪಂದ್ಯವನ್ನು ನಾವು ಬಿಟ್ಟಿಲ್ಲ. ಬಿಡಬೇಕೆಂದೂ ನನಗೆ ಅನ್ನಿಸಿಲ್ಲ. ಆದರೆ ಕ್ಯಾಮರಾ ಕಾರುಗಳ ಹಿಂದೆ ಓಡುವಾಗ ನಾನು ತೆರೆಯ ಅಂಚನ್ನು ತೋರಿಸುತ್ತೇನೆ: ಜಲ್ಲಿ ಹಾಸಿದ ಅಗಲವಾದ ಅಂಚು, ಟಯರಿನ ಗೋಡೆ, ಕಾದು ನಿಂತ ವೈದ್ಯರ ಕಾರು, ಬಾವುಟ ಹಿಡಿದು ಬಿಸಿಲಲ್ಲಿ ನಿಂತ ಸ್ವಯಂಸೇವಕ. ೨೦೦೦ದಲ್ಲಿ ಮಾನ್ಜಾದಲ್ಲಿ ಒಬ್ಬ, ೨೦೦೧ರಲ್ಲಿ ಮೆಲ್ಬರ್ನಿನಲ್ಲಿ ಒಬ್ಬ, ಕಳಚಿ ಹಾರಿಬಂದ ಚಕ್ರಕ್ಕೆ ಸಿಕ್ಕಿ ಹೀಗೆ ನಿಂತಲ್ಲಿಯೇ ಸತ್ತರು. ಇವೆಲ್ಲ ಇರುವುದರಿಂದ ಅದು ಪಥ. ಇವು ಒಂದೂ ಇಲ್ಲದಿರುವುದರಿಂದ ನಮ್ಮದು ರಸ್ತೆ ಎಂದು ಹೇಳುತ್ತೇನೆ. ಅವನು ತೆರೆಯಿಂದ ಕಣ್ಣು ತೆಗೆಯದೆ ತಲೆದೂಗುತ್ತಾನೆ. ಹತ್ತು ವರ್ಷಗಳ ಹಿಂದೆಯೇ ಹೇಳಬೇಕಾಗಿದ್ದ ಮಾತು.