ಗದ್ದೆಯ ಹುಟ್ಟುವಳಿಯೂ ಸಂಖ್ಯಾಶಾಸ್ತ್ರಜ್ಞರ ಉಪಕಾರವೂ

ಇಕ್ಕೇರಿ ಸೀಮೆಯವರಿಗೆ ಹುಟ್ಟುವಳಿಯ ಲೆಕ್ಕವು ಹೊಸದಲ್ಲ. 17ನೆಯ ಶತಮಾನದಲ್ಲಿ ಬಿದನೂರಿನಿಂದ ಆಳಿದ ಶಿವಪ್ಪನಾಯಕನು ಒಂದೊಂದು ತರದ ಭೂಮಿಯಲ್ಲಿಯೂ ಮಾದರಿಗಾಗಿ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲುಗಳನ್ನು ಹಲವು ವರ್ಷ ಬರೆಯಿಸಿ, ಅವುಗಳ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರಸಿದ್ಧಿಯುಂಟು. ಅದೇ ಶಿವಪ್ಪನಾಯಕನ ಶಿಸ್ತು. ಮುಂದೆ ಬ್ರಿಟಿಷರ ಕಾಲದಲ್ಲಿ ಅಳತೆಯ ಸ್ಥಾನಕ್ಕೆ ಕಣ್ಣಂದಾಜು ಬಂದಿತು. ಪೈರನ್ನು ನೋಡಿ ಹದಿನಾರಾಣೆಯೆಂದೋ ಎಂಟಾಣೆಯೆಂದೋ ಗ್ರಾಮಾಧಿಕಾರಿಗಳು ಹೇಳಿದುದೇ ಲೆಕ್ಕವಾಯಿತು.

ಈ ಕಣ್ಣಂದಾಜನ್ನು ತಪ್ಪಿಸಿ ಅಳತೆಯನ್ನು ಮತ್ತೆ ನೆಲೆಗೊಳಿಸಿದವರಲ್ಲಿ ಡಾಕ್ಟರ್ ಪಾಂಡುರಂಗ ವಾಸುದೇವ ಸುಖಾತ್ಮೆಯವರು ಪ್ರಮುಖರು. ಅಂದು ಧಾರವಾಡ, ಬೆಳಗಾವಿಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದ ಸಾತಾರಾ ಜಿಲ್ಲೆಯಲ್ಲಿ 1911ರಲ್ಲಿ ಜನಿಸಿದ ಇವರು, ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರವನ್ನು ವ್ಯಾಸಂಗಮಾಡಿ, 1936ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1940ರಲ್ಲಿ ದೆಹಲಿಯ ವ್ಯವಸಾಯ ಸಂಶೋಧನಾ ಪರಿಷತ್ತನ್ನು ಸೇರಿದರು. ಚೀಟಿಯೆತ್ತಿದಂತೆ ಗದ್ದೆಯನ್ನು ಆರಿಸಿ, ಅದರೊಳಗೆ ಗುರುತುಮಾಡಿದ ತುಂಡನ್ನು ಮಾತ್ರ ಕೊಯ್ದು ತೂಗುವ ಕ್ರಮವನ್ನು ಪ್ರಾಂತಗಳಲ್ಲಿ ಹರಡಲು ಇವರು ಬಹಳವಾಗಿ ಶ್ರಮಿಸಿದರು. ತುಂಡು ಅತಿ ಚಿಕ್ಕದಾದರೆ, ಗೆರೆಯ ಮೇಲೆ ನಿಂತ ಬುಡಗಳು ಒಳಕ್ಕೆ ಸೇರಿ ಹುಟ್ಟುವಳಿಯು ನಿಜಕ್ಕಿಂತ ಹೆಚ್ಚಾಗಿ ಕಾಣುವುದೆಂಬುದನ್ನು 1946-47ರಲ್ಲಿ ಇವರು ಪ್ರಕಟಿಸಿದರು. 1951ರಿಂದ 1970ರವರೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸೇವೆಸಲ್ಲಿಸಿ, 1997ರಲ್ಲಿ ದಿವಂಗತರಾದರು.

ಈ ವಿಷಯವು ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸತಕ್ಕದ್ದಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಭತ್ತದ ನಷ್ಟಪರಿಹಾರವು ಬಹುಮಟ್ಟಿಗೆ ಬೆಳೆ ಕಟಾವು ಪ್ರಯೋಗದ ಸರಾಸರಿಯನ್ನು ಅನುಸರಿಸಿರುತ್ತದೆ. ಗ್ರಾಮ ಪಂಚಾಯಿತಿಗೆ ಪ್ರಯೋಗಗಳು ನಾಲ್ಕೇ ಎಂದಿಟ್ಟುಕೊಳ್ಳೋಣ. ಒಂದೊಂದು ತುಂಡೂ ಐದು ಮೀಟರು ಉದ್ದ, ಐದು ಮೀಟರು ಅಗಲ. ಒಂದು ತುಂಡಿನಲ್ಲಿ ಒಂದು ಕಿಲೋಗ್ರಾಂ ಹೆಚ್ಚಾಗಿ ಸೇರಿದರೆ ಹೆಕ್ಟೇರಿಗೆ 400 ಕಿಲೋಗ್ರಾಂ ಹೆಚ್ಚಿದಂತಾಯಿತು; ನಾಲ್ಕರ ಸರಾಸರಿಯಲ್ಲಿ 100 ಕಿಲೋಗ್ರಾಂ ಏರಿತು. ಗೆರೆಯ ಮೇಲಣ ಕೆಲವು ಬುಡಗಳಿಂದ ಊರಿಗೆ ಊರೇ ಪರಿಹಾರವನ್ನು ಕಳೆದುಕೊಳ್ಳಬಹುದು.

ಹೀಗಿದ್ದರೂ, ಅಧಿಕಾರಿಗಳು ಬಂದಾಗ ದಾರಿಯ ಪಕ್ಕದ ಗದ್ದೆಯನ್ನೇ ತೋರಿಸುವವರುಂಟು. ಅಭಿಮಾನದಿಂದ ಒಳ್ಳೆಯ ಪೈರನ್ನು ಮುಂದಿಡುವವರುಂಟು. ಪರಿಹಾರದಾಸೆಯಿಂದ ಜೊಳ್ಳು ಪೈರಿನ ಕಡೆಗೆ ಕರೆದೊಯ್ಯುವವರೂ ಉಂಟು. ಮೊದಲಿನವರಿಂದ ಊರಿಗೆ ನಷ್ಟ. ಕೊನೆಯವರಿಂದ ಊರಿನ ಮಾತಿಗೇ ಬೆಲೆಯಿಲ್ಲದಂತಾಗುವುದಲ್ಲದೆ, ಹಿಂದಿನ ವರ್ಷಗಳ ಸರಾಸರಿಯೇ ಮುಂದಿನ ಪರಿಹಾರಕ್ಕೆ ಆಧಾರವಾದುದರಿಂದ, ಇಂದು ತಗ್ಗಿಸಿದ ಅಂಕಿಯು ನಾಳೆ ಅವರಿಗೇ ತೊಡಕಾದೀತು. ಗದ್ದೆಯ ಗುಣವು ಚೀಟಿಗೆ ತಿಳಿಯದೆಂದು ಆಕ್ಷೇಪಿಸುವುದುಂಟು. ಚೀಟಿಗೆ ನೆಂಟರೂ ಇಲ್ಲ, ಹಗೆಗಳೂ ಇಲ್ಲವೆಂಬುದೇ ಅದರ ಗುಣ.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಕಟಾವಿನ ದಿನ ತಪ್ಪದೆ ಹಾಜರಿರಬೇಕು. ಗೊತ್ತಾದ ಗದ್ದೆಯೇ ಹೌದೋ, ಹಗ್ಗವು ಬಿಗಿಯಾಗಿರುವುದೋ, ಗೆರೆಯ ಹೊರಗೆ ಬುಡವಿರುವ ಪೈರನ್ನು ಬಿಟ್ಟಿರುವರೋ, ತೂಕವನ್ನು ಎಲ್ಲರೆದುರಿಗೆ ಬರೆದರೋ ಎಂಬುದನ್ನು ನೋಡಬೇಕು. ತುಂಡನ್ನು ಆರಿಸುವ ಕೆಲಸಕ್ಕೆ ಮಾತ್ರ ಕೈಹಾಕಬಾರದು. ಶಿಸ್ತನ್ನು ಕಂಡ ಸೀಮೆಗೆ ಇದು ಕಷ್ಟವಾಗಲಾರದು.